ಅವರು ಅಂದರೆ ಯಾರು?

ಫೆಬ್ರುವರಿ 3

ಪ್ರೀತಿಯ ಗುಂಡಿ,

ಬಂದು ಸೇರಿದೆ. ಕೈಕಾಲು, ಚೀಲ, ಕನ್ನಡಕ ಎಲ್ಲ ಇದ್ದಲ್ಲೇ ಇವೆ. ಫೋನಿನಲ್ಲಾದರೆ ಎರಡು ಮಾತಿಗೇ ಜಗಳ ಶುರುವಾಗುತ್ತದೆ, ಪತ್ರವನ್ನೇ ಬರೆ ಎಂದು ನೀನೇ ಹೇಳಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ನಡುವೆ ಬಾಯಿ ಹಾಕಬೇಡ.

ಈ ಊರು ಪೂರ್ತಿ ಮೆಟ್ಟಿಲು ಮೆಟ್ಟಿಲು. ಮೇಲಿನವರ ಅಂಗಳದಿಂದ ಬಗ್ಗಿದರೆ ಕೆಳಗಿನವರ ತಾರಸಿ ಕಾಣುತ್ತದೆ, ಅದರ ಕೆಳಗೆ ಇನ್ನೊಬ್ಬರದು, ಹೀಗೇ ಬಂದರಿನವರೆಗೆ. ಬಸ್ಸು ತಿರುವಿನಲ್ಲಿ ಇಳಿಯುವಾಗ, ಬೀದಿಯ ಕೊನೆಯಲ್ಲಿ ಯಾರೋ ಎತ್ತರಕ್ಕೆ ನೀಲಿ ಗೋಡೆ ಎಬ್ಬಿಸಿದ್ದಾರೆ ಅಂದುಕೊಂಡೆ. ಪಕ್ಕದ ಸೀಟಿನಾಕೆ, "ಅಯ್ಯೋ, ಅದೇ ಕಣ್ರೀ ಸಮುದ್ರ!" ಅಂದಳು. ಸಮುದ್ರ ಕೆಳಗೆ ಇರುತ್ತದೆ ಎಂದು ಇಷ್ಟು ದಿನ ತಿಳಿದಿದ್ದೆ. ಅದು ಎದುರಿಗೆ ನಿಂತಿರುತ್ತದೆ ಗುಂಡಿ, ನೆಟ್ಟಗೆ.

ಜೀವಮಾನವೆಲ್ಲ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ, ಕಿಟಕಿಯಿಲ್ಲದ ಕಡೆ ಕಳೆದವಳಿಗೆ ಇಲ್ಲಿ ಕಣ್ಣು ಬಿಡುವುದೇ ಒಂದು ಕೆಲಸ. ನಮ್ಮನ್ನು ಕರೆತಂದ ಹುಡುಗಿ ಹಳದಿ ಕೊಡೆ ಎತ್ತಿ ಹಿಡಿದು ಮುಂದೆ ನಡೆಯುತ್ತಾಳೆ, ಆಗಾಗ ತಿರುಗಿ ಕೋಳಿಮರಿ ಎಣಿಸುವ ಹಾಗೆ ನಮ್ಮನ್ನು ಎಣಿಸುತ್ತಾಳೆ. ಇವತ್ತು ಎರಡು ಸಲ ಒಂದು ಮರಿ ಕಡಿಮೆ ಬಂತು. ಎರಡು ಸಲವೂ ಅದು ನಾನೇ.

ಒಂದು ಮಾತು ಕೇಳಲೇ? ಈ ಪ್ರವಾಸಕ್ಕೆ ನನ್ನನ್ನು ಕಳಿಸಲು ನಿನಗೆ ಯಾಕೆ ಅಷ್ಟು ಆತುರ? ನಿನ್ನ ಗಂಡ ತೀರಿಹೋದಾಗಿನಿಂದ ನಾವು ಒಬ್ಬರನ್ನು ಬಿಟ್ಟು ಒಬ್ಬರು ಒಂದು ರಾತ್ರಿ ಇದ್ದವರಲ್ಲ. ನೀನೇ ಚೀಲ ತುಂಬಿ, ನೀನೇ ಬಸ್ಸು ಹತ್ತಿಸಿ, ಬಸ್ಸು ಹೊರಡುವ ಮುಂಚೆಯೇ ಬೆನ್ನು ತಿರುಗಿಸಿದೆ.

ನಿನ್ನ
ಅಕ್ಕ


ಫೆಬ್ರುವರಿ 8

ಪ್ರೀತಿಯ ಅಕ್ಕ,

ಬೆನ್ನು ತಿರುಗಿಸಿದ್ದು ಅಂಗಡಿ ಬಾಗಿಲು ತೆಗೆಯಬೇಕಿತ್ತು ಅಂತ. ಶಾಲೆಯ ಯೂನಿಫಾರಂ ಕೆಲಸ ಹೊಲಿಗೆ ಮೆಷಿನ್ನಿನ ಮೇಲೆ ಗುಡ್ಡೆ ಬಿದ್ದಿದೆ. ಎಲ್ಲದರಲ್ಲೂ ಏನೋ ಇದೆ ಅಂತ ಹುಡುಕುತ್ತೀಯಲ್ಲ, ಈ ಎಕ್ಸ್‌ರೇ ಬುದ್ಧಿ ನಿವೃತ್ತಿ ತೆಗೆದುಕೊಳ್ಳುವುದು ಯಾವಾಗ?

ಇಲ್ಲಿ ವಿಶೇಷ ಏನಿಲ್ಲ. ಬೆಕ್ಕು ಎರಡು ದಿನದಿಂದ ಊಟ ಬಿಟ್ಟಿದೆ. ಮೂಲೆ ಮನೆಯ ನಾಯಿ ಡಾಕ್ಟರನ್ನು ಕರೆಸಿದ್ದೆ. ನಾಯಿ ಡಾಕ್ಟರಿಗೆ ಬೆಕ್ಕಿನ ಸಂಗತಿ ಏನು ಗೊತ್ತು ಅಂತ ನೀನು ನಗುತ್ತಿದ್ದೆಯಲ್ಲ, ಎಲ್ಲ ಗೊತ್ತಂತೆ. ಬೆಕ್ಕನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ. "ಸ್ವಲ್ಪ ಬಾಯಿ ತೆಗೀರಿ ತಾಯಿ. ಹ್ಞಾಂ, ಸಾಕು. ತೊಂದರೆ ಕೊಟ್ಟೆ." ನಾನು ಬಟ್ಟೆ ಅಡ್ಡ ಹಿಡಿದುಕೊಂಡು ನಕ್ಕೆ. ನಾಳೆ ಇನ್ನೊಮ್ಮೆ ನೋಡಿ ಹೋಗುತ್ತಾರಂತೆ.

ಹೋದ ಮೇಲೆ ಎಲ್ಲ ನೋಡಿಕೊಂಡೇ ಬಾ. ಅವಸರ ಬೇಡ.

ನಿನ್ನ
ಗುಂಡಿ


ಫೆಬ್ರುವರಿ 12

ಗುಂಡಿ,

ಬೆಕ್ಕಿನ ವಸಡು ಯಾವ ಬಣ್ಣಕ್ಕಿದೆ ನೋಡಿ ಬರೆ. ಬಿಳಿಚಿಕೊಂಡಿದ್ದರೆ ಒಳ್ಳೆಯದಲ್ಲ.

ಇಲ್ಲಿ ನೋಡಿದ್ದನ್ನೆಲ್ಲ ಹೇಳಲು ಒಂದು ಹಾಳೆ ಸಾಲದು. ಬೆಟ್ಟದ ಬುಡದಲ್ಲಿ ಒಂದು ಗುಹೆ ಇದೆ. ನೀರು ಇಳಿದಾಗ ಮಾತ್ರ ಬಾಗಿಲು ತೆರೆದ ಹಾಗೆ ಕಾಣಿಸುತ್ತದೆ, ಏರಿದಾಗ ಅಲ್ಲಿ ಗುಹೆ ಇತ್ತು ಅಂದರೆ ಯಾರೂ ನಂಬರು. ಒಳಗೆ ಹೋದರೆ ತಣ್ಣಗೆ, ಕತ್ತಲು, ಎಲ್ಲೋ ನೀರು ಗುಳುಗುಳು ಅನ್ನುವ ಸದ್ದು. ಉಳಿದವರೆಲ್ಲ ಹೆದರಿ ಹೊರಗೆ ಓಡಿದರು, ನನಗೆ ಡ್ಯೂಟಿಗೆ ಬಂದ ಹಾಗೆ ಅನ್ನಿಸಿತು. ಆಮೇಲೆ ದೋಣಿಯಲ್ಲಿ ಹಕ್ಕಿಗಳ ದ್ವೀಪಕ್ಕೆ ಹೋದೆವು. ಅಲ್ಲಿ ಮನುಷ್ಯರು ಇಳಿಯುವ ಹಾಗಿಲ್ಲ, ಸುತ್ತು ಹಾಕಿಕೊಂಡು ಬರಬೇಕು. ಬಂಡೆಯ ಮೇಲೆ ಇಂಚು ಜಾಗವಿಲ್ಲದ ಹಾಗೆ ಕೂತು ಒಂದೇ ಸಮ ಕಿರುಚಾಡುತ್ತಿದ್ದವು. ಹೊರರೋಗಿ ವಿಭಾಗದ ಸೋಮವಾರವೇ!

ದೀಪಸ್ತಂಭವನ್ನೂ ಹತ್ತಿದೆ. ಮೇಲೆ ಗಾಳಿ ಎಷ್ಟೆಂದರೆ, ನನ್ನ ಪಕ್ಕ ನಿಂತಿದ್ದ ದಪ್ಪ ಮನುಷ್ಯನಿಗೆ ನಾನು ಅಭ್ಯಾಸಬಲದಿಂದ, "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಅಂದುಬಿಟ್ಟೆ. ಪಾಪ, ಆತ ಹಿಡಿದೇ ನಿಂತ. ಬಿಡಿ ಅನ್ನುವುದು ನನಗೆ ಮರೆತೇಹೋಗಿತ್ತು.

ಬಂದರಿನ ಹಿಂದೆ ಮುಚ್ಚಿಹೋದ ಹಳೆಯ ಐಸ್ ಫ್ಯಾಕ್ಟರಿ ಇದೆ. ಅಲ್ಲೊಬ್ಬರ ಪರಿಚಯವಾಯಿತು. ಮಾತು ಕಡಿಮೆ. ಆದರೆ ನಾನು ಎಷ್ಟು ಪ್ರಶ್ನೆ ಕೇಳಿದರೂ ಅವರಿಗೆ ಬೇಸರವಿಲ್ಲ. ಚಹಾ ಕೊಟ್ಟರು, ಕೂರಲು ಪೆಟ್ಟಿಗೆ ಒರೆಸಿಕೊಟ್ಟರು. ಮೂರು ದಿನದಿಂದ ಸಂಜೆ ಅಲ್ಲಿಗೆ ಹೋಗುತ್ತಿದ್ದೇನೆ. ಏನು, ಎತ್ತ ಅಂತ ಆಮೇಲೆ ಬರೆಯುತ್ತೇನೆ.

ಅಂದಹಾಗೆ, ಪ್ರವಾಸದವರು ನಾಳೆ ವಾಪಸು ಹೊರಡುತ್ತಾರೆ. ನನಗೆ ಮಂಡಿ ಸ್ವಲ್ಪ ಹಿಡಿದುಕೊಂಡಿದೆ. ನಾಲ್ಕು ದಿನ ಇದ್ದು ಬರುತ್ತೇನೆ.

ಅಕ್ಕ


ಫೆಬ್ರುವರಿ 17

ಅಕ್ಕ,

ಮಂಡಿ ಹಿಡಿದುಕೊಂಡವಳು ದೀಪಸ್ತಂಭ ಹತ್ತಿದ್ದು ಹೇಗೆ? ಹತ್ತಿದ ಮೇಲೆ ಹಿಡಿದುಕೊಂಡಿತೋ, ಇಲ್ಲಾ ಐಸ್ ಫ್ಯಾಕ್ಟರಿಗೆ ಹೋದ ಮೇಲೋ?

ಯಾರು ಆ "ಅವರು"? ವಯಸ್ಸೆಷ್ಟು? ಮನೆಯಲ್ಲಿ ಯಾರ್‍ಯಾರು ಇದ್ದಾರೆ? ನೀನು ಜೀವಮಾನದಲ್ಲಿ ಯಾರ ಬಗ್ಗೆಯೂ ಆಮೇಲೆ ಬರೆಯುತ್ತೇನೆ ಅಂದವಳಲ್ಲ. ಎದುರುಮನೆ ಅತ್ತೆಗೆ ಈ ಸಾಲು ಓದಿ ಹೇಳಿದೆ, ಅವರು ಕೆನ್ನೆ ಮೇಲೆ ಕೈಯಿಟ್ಟುಕೊಂಡು, "ಈ ವಯಸ್ಸಿನಲ್ಲಾ!" ಅಂದರು. ನಾನು, ವಯಸ್ಸಿಗೇನು ಕೊಂಬು ಇದೆಯಾ ಅಂತ ಜೋರು ಮಾಡಿ ಕಳಿಸಿದೆ. ಸ್ವಲ್ಪ ಹೆಚ್ಚೇ ಜೋರು ಮಾಡಿದೆ ಅಂತ ಕಾಣುತ್ತದೆ, ಎರಡು ದಿನದಿಂದ ಅವರು ಈ ಕಡೆ ತಲೆ ಹಾಕಿಲ್ಲ.

ಬೆಕ್ಕಿಗೆ ಊಟ ಸೇರಿತು, ಈಗ ಕಾಲು ಕುಂಟುತ್ತಿದೆ. ಅವರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡುತ್ತಾರೆ. ನಿನ್ನೆ ಅಕಾಲ ಮಳೆ ಬಂತು, ಅದರಲ್ಲೇ ಬಂದರು. ಅವರ ಕೋಟಿನ ಒಳಪಟ್ಟಿ ಕಿತ್ತುಹೋಗಿತ್ತು, ಹೊಲಿದುಕೊಟ್ಟೆ. ಅವರು ಅಷ್ಟು ಹೊತ್ತು ಮೆಷಿನ್ನಿನ ಸದ್ದು ಕೇಳುತ್ತಾ ಸುಮ್ಮನೆ ಕೂತಿದ್ದರು.

ಬೆಕ್ಕಿನ ಚಿಂತೆ ನಿನಗೆ ಬೇಡ. ಮಂಡಿ ನೋಡಿಕೋ. "ಅವರ" ಬಗ್ಗೆ ಬರೆ.

ಗುಂಡಿ


ಫೆಬ್ರುವರಿ 22

ಗುಂಡಿ,

ಊಟ ಬಿಟ್ಟ ಬೆಕ್ಕು, ಆಮೇಲೆ ಕುಂಟುವ ಬೆಕ್ಕು, ದಿನಕ್ಕೆ ಎರಡು ಸಲ ಡಾಕ್ಟರು. ನಾನು ಆಸ್ಪತ್ರೆಯಲ್ಲಿ ಇದ್ದವಳು ಕಣೇ. ಡಾಕ್ಟರು ದಿನಕ್ಕೆ ಎರಡು ಸಲ ಬಂದು ಸುಮ್ಮನೆ ಕೂರುತ್ತಾರೆ ಅಂದರೆ ಏನು ಅರ್ಥ ಅಂತ ನನಗೆ ಚೆನ್ನಾಗಿ ಗೊತ್ತು. ಆಸೆ ಬಿಟ್ಟಿದ್ದಾರೆ. ನನ್ನ ಮನಸ್ಸಿಗೆ ನೋವಾಗುತ್ತದೆ ಎಂದು ನೀನು ಮುಚ್ಚಿಡುತ್ತಿದ್ದೀಯ.

ಇಲ್ಲಿ ಕೋಟೆಗೋಡೆಯ ಮೇಲೆ ನಡೆದೆ, ಉಪ್ಪಿನ ಗದ್ದೆಗಳನ್ನು ನೋಡಿದೆ. ಸಂಜೆ ಬಿಸಿಲಿಗೆ ಅವು ಗಾಜಿನ ಅಂಗಡಿಯ ಹಾಗೆ ಹೊಳೆಯುತ್ತವೆ. ಆದರೆ ಮನಸ್ಸೆಲ್ಲ ಬೆಕ್ಕಿನ ಹತ್ತಿರ. ಅದು ಕಣ್ಣುಮುಚ್ಚುವಾಗ ನಾನು ಹತ್ತಿರ ಇರಬೇಕು. ಐಸ್ ಫ್ಯಾಕ್ಟರಿಯಲ್ಲಿ ಹೇಳಿಬಂದೆ. ಅವರು ನನಗೆಂದು ತೆಗೆದಿಟ್ಟಿದ್ದ ಕೈಗವಸು ಮೊಳೆಗೆ ತೂಗುಹಾಕಿದರು.

ಮುಂದಿನ ವಾರದ ಕೊನೆಯ ಬಸ್ಸಿಗೆ ಸೀಟು ಹಿಡಿದಿದ್ದೇನೆ. ಬರುತ್ತಿದ್ದೇನೆ.

ಅಕ್ಕ


ಫೆಬ್ರುವರಿ 25

ಅಕ್ಕ,

ಬರಬೇಡ. ಬೆಕ್ಕು ಗುಂಡುಕಲ್ಲಿನ ಹಾಗಿದೆ. ನಿಜವಾಗಿಯೂ. ಈಗಲೇ ಬರಬೇಡ. ಟಪಾಲು ಹೋಗುವ ಹೊತ್ತಾಯಿತು.

ಗುಂಡಿ


ಮಾರ್ಚ್ 14

ತಂಗಿಗೆ,

ಕಟ್ಟಿಟ್ಟ ಚೀಲದ ಪಕ್ಕ ಕೂತಿದ್ದಾಗ ನಿನ್ನ ಕಾಗದ ಬಂತು. ಬಿಚ್ಚಿದೆ. ಎರಡನ್ನೂ.

ನನ್ನ ಮನೆಗೆ ನಾನು ಬರುತ್ತೇನೆ ಅಂದರೆ ಬರಬೇಡ ಅನ್ನಿಸಿಕೊಂಡಿದ್ದು ಇದೇ ಮೊದಲು. ಅದೂ ಮೂರು ಸಾಲಿನಲ್ಲಿ ಎರಡು ಸಲ. ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತ ನೀನು ಕೇಳಿಲ್ಲ, ನಾನೂ ಹೇಳುವುದಿಲ್ಲ. ಬಂದರಿನ ಮೇಲಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ವಿಳಾಸ ಹಿಂದುಗಡೆ ಇದೆ. ಬೇಕಾದರೆ ಬರೆ.

ಬೆಕ್ಕು ಹುಷಾರಾಗಿದೆ ಅಂತ ಕೇಳಿ ಸಂತೋಷ.

ಅಕ್ಕ


ಮಾರ್ಚ್ 19

ಅಕ್ಕ,

ನನ್ನನ್ನು ತಂಗಿಗೆ ಅಂತ ಕರೆದೆಯಲ್ಲ. ಚಿಕ್ಕಂದಿನಲ್ಲಿ ನಿನ್ನ ಹೊಸ ಲಂಗಕ್ಕೆ ಕತ್ತರಿ ಹಾಕಿದಾಗಲೂ ನೀನು ಗುಂಡಿ ಅಂತಲೇ ಬೈದಿದ್ದೆ.

ಹೇಳಿಬಿಡುತ್ತೇನೆ. ಬೆಕ್ಕಿಗೆ ಊಟ ಸೇರದಿದ್ದದ್ದು ಒಂದು ದಿನ ಮಾತ್ರ. ಕಾಲು ಕುಂಟಿದ್ದು ನಾನೇ ಕಟ್ಟಿದ ಕಥೆ, ಅದೂ ನಿನಗಲ್ಲ, ಮೊದಲು ಅವರಿಗೇ ಹೇಳಿದ್ದು. ಅವರು ಕಾಲು ಒತ್ತಿ ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ಬೆಕ್ಕಿಗೇ ಹೇಳಿದರು: "ನಿಮಗೇನೂ ಆಗಿಲ್ಲ ತಾಯಿ. ಆದ್ರೂ ನಾಳೆ ಬಂದು ನೋಡ್ತೀನಿ."

ಅವರು ನನ್ನನ್ನು ಮದುವೆಯಾಗುತ್ತೀರಾ ಅಂತ ಕೇಳಿದ್ದು ನೀನು ಹೊರಡುವ ಮುಂಚೆಯೇ. ಯೋಚನೆ ಮಾಡಲು ನನಗೆ ಒಬ್ಬಳೇ ಇರುವ ಮನೆ ಬೇಕಿತ್ತು. ನೀನು ಎದುರಿಗಿದ್ದರೆ ನನ್ನ ಮುಖ ನೋಡಿ ನನಗಿಂತ ಮುಂಚೆ ನಿನಗೇ ಉತ್ತರ ಗೊತ್ತಾಗುತ್ತಿತ್ತು. ಅದಕ್ಕೇ ಕಳಿಸಿದೆ, ಅದಕ್ಕೇ ಬೆನ್ನು ತಿರುಗಿಸಿದೆ. ನೀನು ಬರುತ್ತೇನೆ ಅಂದಾಗ ಇನ್ನೂ ಅವರಿಗೆ ಹೂಂ ಅಂದಿರಲಿಲ್ಲ. ನೀನು ಬಾಗಿಲಲ್ಲಿ ಬಂದು ನಿಂತರೆ ಊಹೂಂ ಅನ್ನುತ್ತೇನೆ ಅಂತ ಭಯವಾಯಿತು. ನಾನು ಹೂಂ ಅಂದರೆ ನೀನು ಒಂಟಿಯಾಗುತ್ತೀಯ. ಅದೊಂದೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು.

ಇನ್ನೂ ಹೂಂ ಅಂದಿಲ್ಲ. ನೀನು ಏನು ಹೇಳುತ್ತೀಯೋ ಹಾಗೆ.

ಗುಂಡಿ


ಮಾರ್ಚ್ 25

ನನ್ನ ಗುಂಡಿ,

ನಿನ್ನ ಹಳೆಯ ಕಾಗದಗಳನ್ನು ತೆಗೆದು ಮತ್ತೆ ಓದಿದೆ. ಮೊದಲನೆಯದರಲ್ಲಿ ನಾಯಿ ಡಾಕ್ಟರಾಗಿದ್ದವರು ಎರಡನೆಯದರಲ್ಲಿ ಬರೀ "ಅವರು" ಆಗಿದ್ದಾರೆ! ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುತ್ತಿದ್ದವಳು ನಾನು, ಇದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ. ಬೆಕ್ಕಿನ ವಸಡು ನೋಡು ಅಂತ ಬರೆದೆನಂತೆ. ಒಬ್ಬಳೇ ಕೂತು ನಕ್ಕೆ, ಮನೆಯೊಡತಿ ಬಾಗಿಲು ತಟ್ಟಿ ಏನಾಯಿತು ಅಂತ ಕೇಳುವಷ್ಟು.

ಹೂಂ ಅನ್ನು. ಈ ಕಾಗದ ಮಡಿಸುವ ಮುಂಚೆ ಹೋಗಿ ಅಂದು ಬಾ.

ಈಗ ನನ್ನ "ಅವರು". ಗಂಡಸಲ್ಲ ಮಾರಾಯ್ತಿ. ನನಗಿಂತ ಚಿಕ್ಕವರು, ತಲೆಗೂದಲು ಗಿಡ್ಡ, ಯಾವಾಗಲೂ ಗಂಬೂಟು. ಊರಿನ ವಸ್ತುಸಂಗ್ರಹಾಲಯದವರು. ಹಿಂದೆ ಯಾವಾಗಲೋ ಒಂದು ತಿಮಿಂಗಿಲ ಸತ್ತು ದಡಕ್ಕೆ ಬಂದು ಬಿದ್ದಿತ್ತಂತೆ. ಅದರ ಮೂಳೆಗಳನ್ನೆಲ್ಲ ಐಸ್ ಫ್ಯಾಕ್ಟರಿಯಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ತುಂಬಿಟ್ಟಿದ್ದಾರೆ. ಅವನ್ನು ಜೋಡಿಸಿ, ಅಲ್ಲೇ ಚಾವಣಿಗೆ ತೂಗುಹಾಕಬೇಕು. ಮೊದಲ ದಿನ ಬಾಗಿಲು ತೆರೆದಿತ್ತು, ಇಣುಕಿದೆ. ನೆಲದ ಮೇಲೆ ಒಂದು ಕೈ ಬಿದ್ದಿತ್ತು ಗುಂಡಿ. ನನಗಿಂತ ಉದ್ದದ ಕೈ. ತೋಳು, ಮುಂಗೈ, ಮಣಿಕಟ್ಟಿನ ಚೂರುಗಳು, ಬೆರಳುಗಳು. "ಇದು ಯಾರದು?" ಅಂತ ಕೇಳಿಬಿಟ್ಟೆ, ಯಾರೋ ರೋಗಿಯದ್ದು ಅನ್ನುವ ಹಾಗೆ. ಅವರು, "ತಿಮಿಂಗಿಲದ ಈಜುರೆಕ್ಕೆ. ಒಳಗೆ ನೋಡಿದ್ರೆ ನಮ್ಮ ಕೈನೇ" ಅಂದರು. ಹೊರಗಿನಿಂದ ದೋಣಿಯ ಹುಟ್ಟಿನ ಹಾಗೆ ಕಾಣುವ ರೆಕ್ಕೆಯೊಳಗೆ ಬೆರಳು!

ಆಮೇಲೆ ನಾನು, ಸೊಂಟದ ಮೂಳೆ ಎಲ್ಲಿ, ಕಾಲೆಲ್ಲಿ ಅಂತ ಪೀಡಿಸಿದೆ. ಒಂದು ಡಬ್ಬಿ ತೆಗೆದು ಎರಡು ಸಣ್ಣ ಮೂಳೆ ತೋರಿಸಿದರು. ಯಾವುದೋ ಕಾಲದಲ್ಲಿ ಅದರ ಪೂರ್ವಿಕರು ನೆಲದ ಮೇಲೆ ಓಡಾಡಿಕೊಂಡಿದ್ದರ ಗುರುತಂತೆ. ನಾನು ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಜೀವಮಾನವೆಲ್ಲ ಮೂಳೆ ನೋಡಿದ್ದು ಸಾಲದಾ ಅಂತ ನೀನು ರೇಗಿಸುತ್ತೀಯ ಎಂದು ಬರೆಯಲಿಲ್ಲ. ಅಷ್ಟೇ ಅಲ್ಲ. ಮಂಡಿನೋವು ಸುಳ್ಳು. ನನಗೆ ವಾಪಸು ಬರುವ ಮನಸ್ಸಿರಲಿಲ್ಲ. ಬರುವುದಿಲ್ಲ ಅಂದರೆ ನೀನು ಒಂಟಿಯಾಗುತ್ತೀಯ ಅನ್ನುವುದೊಂದೇ ನನಗೂ ಅಡ್ಡವಾಗಿದ್ದದ್ದು.

ಈಗ ನೋಡು, ನಿನಗೂ ದಾರಿಯಾಯಿತು, ನನಗೂ ಆಯಿತು. ನಾನು ಇಲ್ಲೇ ಇರುತ್ತೇನೆ. ತೂಗುಹಾಕುವ ದಿನ ಇಬ್ಬರೂ ಬನ್ನಿ.

ಅಕ್ಕ


ಏಪ್ರಿಲ್ 20

ಅಕ್ಕ,

ಹೂಂ ಅಂದೆ. ಹೋದ ವಾರ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದೆವು. ನಿನ್ನನ್ನು ಕರೆಯಲಿಲ್ಲ. ಬೇಕೆಂದೇ ಕರೆಯಲಿಲ್ಲ. ಎದುರುಮನೆ ಅತ್ತೆ ಸಾಕ್ಷಿ ಹಾಕಿದರು.

ನಿನ್ನ ಕಾಗದ ಓದಿ ನಾನು ಕುಣಿಯಬೇಕಿತ್ತು. ನನ್ನ ಗಂಟಲಲ್ಲಿದ್ದ ಮುಳ್ಳನ್ನು ನೀನೇ ತೆಗೆದುಹಾಕಿದೆ. ಆದರೆ "ನನಗೆ ವಾಪಸು ಬರುವ ಮನಸ್ಸಿರಲಿಲ್ಲ" ಅನ್ನುವ ಸಾಲನ್ನು ದಾಟಿ ಮುಂದೆ ಹೋಗಲು ನನಗೆ ಇಷ್ಟು ದಿನ ಹಿಡಿಯಿತು. ಅಲ್ಲ ಕಣೇ, ನಾನು ನಿನ್ನನ್ನು ಬಿಡುತ್ತೇನೆ ಅಂತ ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ನೀನು ನೋಡಿದರೆ ಯಾವುದೋ ಸತ್ತ ತಿಮಿಂಗಿಲದ ಕೈ ಹಿಡಿದುಕೊಂಡು ಒಂದೇ ವಾರದಲ್ಲಿ ಹೊರಟುಹೋಗಿದ್ದೆ.

ಇವರಿಗೆ ಹೇಳಿದೆ. "ನೀವು ಅವರನ್ನ ಬಿಡಬಹುದು, ಅವರು ನಿಮ್ಮನ್ನ ಬಿಡಬಾರದು, ಹಾಗಾ?" ಅಂದರು. ಹೌದು, ಹಾಗೇ ಅಂದೆ. ಅವತ್ತು ರಾತ್ರಿ ಇವರಿಗೆ ತಣ್ಣನೆ ಊಟ.

ಗುಂಡಿ


ಏಪ್ರಿಲ್ 26

ಗುಂಡಿ,

ಸಹಿ ಹಾಕುವಾಗ ಪಕ್ಕದಲ್ಲಿ ನಾನಿರಲಿಲ್ಲ ಅನ್ನುವುದು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿದೆ. ನೀನು ಬೇಕೆಂದೇ ಮಾಡಿದ್ದು, ಸರಿಯಾಗಿಯೇ ಮಾಡಿದ್ದೀಯ. ಆದರೆ ಒಂದು ಮಾತು. ನೀನು ಅವರಿಗೆ ಹೂಂ ಅನ್ನಲು ನನ್ನನ್ನು ಇಷ್ಟು ದೂರ ಕಳಿಸಿದೆ. ಅದಕ್ಕೇ ಕಳಿಸಿದೆ ಅಂತ ನೀನು ಬರೆದ ಸಾಲನ್ನು ದಾಟುವುದು ನನಗೂ ಸುಲಭವಾಗಿರಲಿಲ್ಲ. ನಕ್ಕೆ ಅಂತ ಬರೆದೆ, ನಗುವ ಮುಂಚೆ ಏನು ಮಾಡಿದೆ ಅಂತ ಬರೆಯಲಿಲ್ಲ.

ಮೇ ಮೊದಲ ವಾರ ತಿಮಿಂಗಿಲವನ್ನು ಮೇಲೆತ್ತುತ್ತೇವೆ. ಬಲಗೈಯ ಮಣಿಕಟ್ಟನ್ನು ನಾನೇ ಜೋಡಿಸಿದ್ದು, ಮೂರು ಸಲ ತಪ್ಪು ಮಾಡಿ ನಾಲ್ಕನೆಯ ಸಲ ಸರಿಯಾಯಿತು. ಕೋಪ ಇಟ್ಟುಕೊಂಡೇ ಬಾ. ಬಸ್ಸಿನಲ್ಲಿ ಜಾಗ ಇರುತ್ತದೆ. ಡಾಕ್ಟರನ್ನೂ ಕರೆದುಕೊಂಡು ಬಾ.

ಅಕ್ಕ


ಮೇ 18

ಅಕ್ಕ,

ಊರು ಸೇರಿದೆವು. ಬೆಕ್ಕು ನನ್ನ ಮೇಲೆ ಮುನಿಸಿಕೊಂಡಿದೆ, ಇವರ ಕಾಲು ಬಿಡುತ್ತಿಲ್ಲ.

ನಿನ್ನ ಊರು ಚೆನ್ನಾಗಿದೆ. ಸಮುದ್ರ ಎದುರಿಗೆ ನಿಲ್ಲುತ್ತದೆ ಅಂತ ಬರೆದಿದ್ದೆಯಲ್ಲ, ನಾನು ನಂಬಿರಲಿಲ್ಲ. ಗುಹೆಯೊಳಗೆ ನೀನು ಮುಂದೆ ಮುಂದೆ, "ಇಲ್ಲಿ ಜಾರುತ್ತೆ, ನನ್ನ ಕೈ ಹಿಡ್ಕೋ" ಅನ್ನುತ್ತಾ ನಡೆದೆ. ದ್ವೀಪ ಸುತ್ತುವಾಗ ಇವರು ಪ್ರತಿ ಹಕ್ಕಿಗೂ ನಮಸ್ಕಾರ ಹಾಕುವುದೊಂದು ಬಾಕಿ. ಸರಪಳಿ ಎಳೆದು ತಿಮಿಂಗಿಲ ನೆಲಬಿಟ್ಟು ಮೇಲೇರಿದಾಗ ನಾನು ಅದನ್ನು ನೋಡಲಿಲ್ಲ, ನಿನ್ನನ್ನು ನೋಡಿದೆ. ಎಣ್ಣೆ ಮೆತ್ತಿದ ಕೈಗವಸು, ಬಾಯಿ ತೆರೆದುಕೊಂಡು, ಕತ್ತು ಮೇಲೆತ್ತಿ ನಿಂತಿದ್ದೆ. ನಮ್ಮ ಮನೆಯಲ್ಲಿ ನೀನು ಹಾಗೆ ಕತ್ತೆತ್ತಿ ನಿಂತದ್ದನ್ನು ನಾನು ನೋಡಿದವಳಲ್ಲ. ನನ್ನ ಕೋಪ ಅಲ್ಲಿಗೇ ಇಳಿಯಿತು.

ಆದರೆ ಒಂದು ಇಳಿದಿಲ್ಲ, ಹೇಳಿಬಿಡುತ್ತೇನೆ. ಕೊನೆಯ ದಿನ ನಿನ್ನ ಕೋಣೆಯಲ್ಲಿ ಚಹಾ ಮಾಡಲು ನಿಂತೆ. ಸಕ್ಕರೆ ಎಲ್ಲಿದೆ ಅಂತ ಕೇಳಬೇಕಾಯಿತು. ನಿನ್ನನ್ನು, ನಾನು! ನೀನು ಏನಂದೆ ಗೊತ್ತಾ? "ನೀನು ಕೂತ್ಕೋ, ನಾನು ತರ್ತೀನಿ." ಬಂದ ನೆಂಟರಿಗೆ ಹೇಳುವ ಹಾಗೆ. ನಾನು ಹೋಗಿ ಕಿಟಕಿಯ ಹತ್ತಿರ ಕೂತೆ. ಸಮುದ್ರ ನೋಡುತ್ತಿದ್ದಾಳೆ ಅಂತ ನೀವಿಬ್ಬರೂ ಅಂದುಕೊಂಡಿರಿ.

ಗುಂಡಿ


ಮೇ 23

ನನ್ನ ಹುಚ್ಚು ಗುಂಡಿ,

ಮನೆಯಲ್ಲಿ ಸಕ್ಕರೆಯೇ ಇರಲಿಲ್ಲ ಕಣೇ. ಡಾಕ್ಟರ ಎದುರಿಗೆ ಹೇಳಲು ನಾಚಿಕೆಯಾಗಿ ನಿನ್ನನ್ನು ಕೂರಿಸಿ, ಹಿಂಬಾಗಿಲಿನಿಂದ ಮನೆಯೊಡತಿಯ ಹತ್ತಿರ ಓಡಿದೆ. ನೀನು ಕುಡಿದದ್ದು ಕಡ ತಂದ ಸಕ್ಕರೆಯ ಚಹಾ. ಇಲ್ಲಿಗೆ ಬಂದಾಗಿನಿಂದ ನಾನು ಕೋಣೆಯಲ್ಲಿ ಚಹಾ ಮಾಡಿಲ್ಲ, ಎಲ್ಲ ಫ್ಯಾಕ್ಟರಿಯಲ್ಲೇ. ನಿನ್ನ ಹಾಗೆ ಡಬ್ಬಿಗಳನ್ನು ಸಾಲಾಗಿ ಜೋಡಿಸಲು ನನಗೆ ಬರುವುದೂ ಇಲ್ಲ. ಆ ಕಪಾಟು ಪೂರ್ತಿ ಖಾಲಿ ಇದೆ.

ಮುಂದಿನ ಸಲ ಬರುವಾಗ ಸಕ್ಕರೆ ತೆಗೆದುಕೊಂಡು ಬಾ. ಎಲ್ಲಿಡಬೇಕು ಅನ್ನುವುದನ್ನು ನೀನೇ ನೋಡಿ ಇಟ್ಟು ಹೋಗು. ನಾನು ಹುಡುಕಿಕೊಳ್ಳುತ್ತೇನೆ.

ಅಕ್ಕ